ಮರಿಯವ್ವನ ಸಾಲು

ಹಸಿ ಸುಣ್ಣದ ವಾಸನೆ ಎಲ್ಲಿ ಬಂದರೂ ಒಂದು ಹಳೆಯ ದಿಗಿಲು ಏಳುತ್ತದೆ. ಈ ಡಿಸೆಂಬರಿನಲ್ಲಿ ಧಾರವಾಡದ ನಮ್ಮ ಓಣಿಯಲ್ಲಿ ಯಾರೋ ಕಂಪೌಂಡಿನ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ನೀಲಿ ಬೆರೆಸಿದ ಬಕೆಟ್ಟಿನ ಪಕ್ಕ ಹಾದುಹೋಗುವಾಗ ಕಾಲು ತಾನಾಗಿಯೇ ನಿಂತಿತು. ಹಾನಗಲ್ಲಿನಲ್ಲಿ, ಚರ್ಚಿಗೂ ಅದರ ಹಿಂದಿದ್ದ ನಮ್ಮ ಮನೆಗೂ ಕ್ರಿಸ್‌ಮಸ್ಸಿನ ಮುಂಚೆ ಹೀಗೆಯೇ ಸುಣ್ಣ ಬಳಿಯುತ್ತಿದ್ದೆವು. ಗೋಡೆ ಆರುವ ಮೊದಲೇ ಅವ್ವ ಕರಚೀಕಾಯಿ ಕರಿಯಲು ಕೂರುತ್ತಿದ್ದಳು. ಸುಣ್ಣದ ತಂಪು ವಾಸನೆಯೂ ಎಣ್ಣೆಯಲ್ಲಿ ಉಬ್ಬುವ ಹಿಟ್ಟಿನ ಬಿಸಿ ವಾಸನೆಯೂ ಪಡಸಾಲೆಯಲ್ಲಿ ಬೆರೆತು, ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತ ಅಪ್ಪನ ಸುತ್ತ ಸುಳಿಯುತ್ತಿದ್ದವು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಚರ್ಚಿನ ಹಾಡುಗಾರಿಕೆಯೆಲ್ಲ ಅವನದೇ ಹೊಣೆ. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಗೊಬ್ಬರದ ಗೋದಾಮು ಬಂದಿದೆ. ಮನೆ ಇದ್ದದ್ದಂತೂ ಖಂಡಿತ. ಅದರಲ್ಲಿ ನಡೆದದ್ದರ ಬಗ್ಗೆ ಅಷ್ಟು ಖಂಡಿತವಾಗಿ ಹೇಳುವ ಧೈರ್ಯ ನನಗಿಲ್ಲ. ಇತಿಹಾಸ ಓದಿ, ಓದಿಸಿ ವಯಸ್ಸು ಕಳೆದವನಿಗೆ ಒಬ್ಬನೇ ಸಾಕ್ಷಿಯನ್ನು ನಂಬಬಾರದೆಂಬ ಚಟ ಅಂಟಿಕೊಳ್ಳುತ್ತದೆ, ಆ ಸಾಕ್ಷಿ ತಾನೇ ಆಗಿದ್ದರೂ.

ಕ್ರಿಸ್‌ಮಸ್ಸಿನ ಹಾಡುಗಳಲ್ಲಿ ನನಗೆ ಇಂದಿಗೂ ಪ್ರಿಯವಾದದ್ದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕಟ್ಟಿದವನು ನಮ್ಮ ಅಜ್ಜ. ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯಲ್ಲಿ ಹರೆಯದಲ್ಲಿ ಭಜನೆಯ ಮೇಳದೊಂದಿಗೆ ಹಾಡಿಕೊಂಡಿದ್ದವನು. ಕ್ರೈಸ್ತನಾಗಿ ಹಾನಗಲ್ಲಿಗೆ ಬಂದ ಮೇಲೂ ಕೊರಳು ಹಳೆಯ ಧಾಟಿಯನ್ನು ಬಿಡಲಿಲ್ಲ. ಪುಸ್ತಕದ ಹಾಡುಗಳನ್ನು ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಅಜ್ಜನ ಹಾಡು ಮಾತ್ರ ಹಬ್ಬದ ಹಿಂದಿನ ಸಂಜೆ, ಚರ್ಚಿನಲ್ಲಿ ಜಮಖಾನದ ಮೇಲೆ ಕೂತು, ತಾಳ ಢೋಲಕಿಯೊಂದಿಗೆ ನಡೆಯುತ್ತಿತ್ತು. ಅದು ಸವಾಲು ಜವಾಬಿನ ಹಾಡು. ಗಂಡಸರೆಲ್ಲ ಬೆತ್ಲೆಹೇಮಿನ ಕುರುಬರಾಗಿ ಕೇಳುತ್ತಿದ್ದರು: “ಕುರಿ ಬಿಟ್ಟ ಬಂದೇವಿ, ಚಳಿಯಾಗ ನಿಂತೇವಿ, ಒಳಗ ಬರಲೇನ ತಾಯಿ?” ಅದಕ್ಕೆ ಒಳಗಿನಿಂದ ಯೇಸುವಿನ ತಾಯಿ ಮರಿಯವ್ವ ಜವಾಬು ಕೊಡಬೇಕು. ಆ ಸಾಲು ನಮ್ಮ ಮನೆಯ ಮಗಳದು, ಸೊಸೆಯದಲ್ಲ. ಅದು ಬರೆದಿಟ್ಟ ಸಾಲೂ ಅಲ್ಲ. ಪ್ರತಿ ವರ್ಷ ಆ ಗಳಿಗೆಗೆ ಹೊಳೆದದ್ದನ್ನು ಅವಳು ಹೊಸದಾಗಿ ಕಟ್ಟಿ ಹಾಡಬೇಕು. ಆಗ ಕುರುಬರು ಒಳಗೆ ಬರುತ್ತಾರೆ, ಹಾಡು ಮುಂದೆ ಸಾಗುತ್ತದೆ.

ನನ್ನ ಬಾಲ್ಯದಲ್ಲಿ ಆ ಮಗಳು ಅಪ್ಪನ ತಂಗಿ ಮಾರ್ಥತ್ತೆ. ಅವಳ ಜವಾಬು ಕೇಳಲೆಂದೇ ಚರ್ಚಿಗೆ ಸೇರದ ಓಣಿಯ ಹೆಂಗಸರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ಸಲ ಕುರುಬರಿಗೆ ಕಂಬಳಿ ಕೊಡವಿ ಬರಲು ಹೇಳಿದಳು. ಇನ್ನೊಂದು ಸಲ, “ಬರ್ರೆಪಾ ಬರ್ರಿ, ಕಾಲ ತೊಳದ ಬರ್ರಿ, ಹಸಿ ಸುಣ್ಣ ಐತಿ, ಗ್ವಾಡಿಗಿ ಬೆನ್ನ ಹಚ್ಚಬ್ಯಾಡ್ರಿ” ಎಂದು ಹಾಡಿದಾಗ ಗೋಡೆಗೊರಗಿ ಕೂತಿದ್ದ ಪಾಸ್ಟರು ಗಾಬರಿಯಿಂದ ಬೆನ್ನು ಮುಟ್ಟಿಕೊಂಡಿದ್ದರು. ಅಪ್ಪ ನಗು ತಡೆಯಲಾರದೆ, “ಮರಿಯವ್ವ ಅಲ್ರಿ ಇಕಿ, ನಮ್ಮವ್ವನ ಬಂದ ಕುಂತಾಳ” ಎಂದಿದ್ದ. ತಂಗಿಯೆಂದರೆ ಅವನಿಗೆ ಅಷ್ಟು ಹೆಮ್ಮೆ. ಆ ಹೆಮ್ಮೆಯೇ ಆಮೇಲೆ ಹಟವಾಯಿತೆಂದು ಕಾಣುತ್ತದೆ. ದವಾಖಾನೆಯಲ್ಲಿ ನರ್ಸಾಗಿದ್ದ ಮಾರ್ಥತ್ತೆ, ತಾಯಿಯನ್ನು ತೋರಿಸಲು ಬರುತ್ತಿದ್ದ ಚನ್ನಬಸಪ್ಪನೆಂಬ ಲಿಂಗಾಯತ ರೈತನನ್ನು ಮದುವೆಯಾಗಿ ಹಿರೇಕೆರೂರು ಕಡೆಯ ಮಾಸೂರಿಗೆ ಹೋದಳು. ಎರಡೂ ಮನೆಯವರು ಬೇಡವೆಂದಿದ್ದರು. ಅವರ ಕಡೆಯವರು ವರ್ಷದೊಳಗೆ ಕರಗಿ, ಮಾದೇವಿ ಎಂದು ಹೆಸರಿಟ್ಟು ಅವಳನ್ನು ಮನೆ ತುಂಬಿಸಿಕೊಂಡರು. ಅಜ್ಜ ಆಗಲೇ ತೀರಿಕೊಂಡಿದ್ದರಿಂದ ನಮ್ಮ ಕಡೆಯ ತೀರ್ಮಾನ ಅಪ್ಪನದು. “ಆಕಿಗೆ ಈ ಮನಿ ಬಾಗಿಲಾ ಮುಚ್ಚೇತಿ” ಎಂದು ಒಮ್ಮೆ ಹೇಳಿದ. ಆಮೇಲೆ ಅವಳ ಹೆಸರೆತ್ತಲಿಲ್ಲ, ಬೇರೆಯವರು ಎತ್ತುವುದಕ್ಕೂ ಬಿಡಲಿಲ್ಲ.

ಆ ವರ್ಷದ ಕ್ರಿಸ್‌ಮಸ್ಸಿಗೆ ಹಾಡು ಏನಾಗುವುದೋ ಎಂದು ಎಲ್ಲರಿಗೂ ಆತಂಕವಿತ್ತು. ಕುರುಬರ ಸವಾಲು ಮುಗಿಯಿತು. ಅಪ್ಪ ಹಾರ್ಮೋನಿಯಂ ಮೇಲಿನ ಬೆರಳು ತೆಗೆಯದೆ ಒಂದೇ ಸ್ವರವನ್ನು ಹಿಡಿದುಕೊಂಡು ಕೂತ. ಒಂದು ಸಾಲು ಹಾಡುವಷ್ಟು ಹೊತ್ತು ಮನುಷ್ಯರ ದನಿಯಿಲ್ಲ, ಢೋಲಕಿಯಿಲ್ಲ. ಆಮೇಲೆ ಬಗ್ಗಿಸಿದ ತಲೆ ಎತ್ತದೆಯೇ ಮುಂದಿನ ನುಡಿಗೆ ಹೋದ. ಮರುವರ್ಷವೂ ಹಾಗೆಯೇ. ನನ್ನ ಅಕ್ಕ ಒಮ್ಮೆ ಬಾಯಿ ತೆರೆಯಲು ಹೋದಾಗ ಅಪ್ಪ ಕಣ್ಣಲ್ಲೇ ತಡೆದ. ನೋಡನೋಡುತ್ತ ಆ ಮೌನವೂ ಹಾಡಿನ ಭಾಗವಾಗಿಬಿಟ್ಟಿತು. ಸವಣೂರಿನಿಂದ ಹೊಸದಾಗಿ ಬಂದ ಕುಟುಂಬವೊಂದು ಆ ಜಾಗದಲ್ಲಿ ಸವಾಲನ್ನೇ ಮತ್ತೊಮ್ಮೆ ಹಾಡಲು ಹೊರಟಾಗ ನಾವು ಹುಡುಗರು ತುಟಿಗೆ ಬೆರಳಿಟ್ಟು, “ಇಲ್ಲೆ ಸುಮ್ಮನಿರಬೇಕ್ರಿ, ಹಾಡ ಹಂಗ ಐತಿ” ಎಂದು ತಿದ್ದಿದೆವು. ಅಪ್ಪ ಕೇಳಿಸಿಕೊಂಡ. ಹಾಗಲ್ಲ ಎಂದು ಹೇಳಲಿಲ್ಲ.

ಅಜ್ಜಿ ಹಾಸಿಗೆ ಹಿಡಿದ ವರ್ಷ ನನಗೆ ಒಂಬತ್ತೋ ಹತ್ತೋ. ಮಗಳನ್ನು ನೋಡಬೇಕೆಂದು ಆಕೆ ಅಪ್ಪನನ್ನು ಕೇಳಲಿಲ್ಲ, ಅವ್ವನ ಸೆರಗು ಹಿಡಿದು ಕೇಳಿದಳು. ಅವ್ವ ಹಿರೇಕೆರೂರು ಬಸ್ಸಿನ ಕಂಡಕ್ಟರನ ಮೂಲಕ ಬಾಯಿಮಾತು ಕಳಿಸಿದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಾರ್ಥತ್ತೆ ಗಂಡನೊಂದಿಗೆ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತಳು. ಅವ್ವ ಕೈ ಹಿಡಿದು ಎಳೆದರೂ ಏಳಲಿಲ್ಲ. “ಅಣ್ಣ ಕರದ್ರ ಬರ್ತೇನಿ ವೈನಿ. ಇಲ್ಲಂದ್ರ ಅವ್ವನ್ನ ಕಿಡಿಕ್ಯಾಗ ನೋಡಿ ಹೋಗ್ತೇನಿ” ಎಂದಳು. ಅವ್ವ ಪಡಸಾಲೆಗೆ ಬಂದು, “ನಿಮ್ಮ ತಂಗಿ ಬಂದಾಳ್ರಿ” ಎಂದಾಗ ಅಪ್ಪ ಹಾರ್ಮೋನಿಯಂ ಒರೆಸುತ್ತಿದ್ದ. ಒರೆಸಿದ ಸ್ವರದ ಮನೆಯನ್ನೇ ಮತ್ತೆ ಒರೆಸಿದ. “ಚರ್ಚ್ ಎಲ್ಲಾರದು. ಅಲ್ಲಿಗೆ ಯಾರ ಬಂದ್ರೂ ನಾ ಬ್ಯಾಡ ಅನ್ನಂಗಿಲ್ಲ. ಮನಿ ಮಾತ ತಗೀಬ್ಯಾಡ” ಎಂದ. ಒಲೆಯ ಮೇಲಿನ ಎಣ್ಣೆ ಹೊಗೆಯಾಡುತ್ತಿತ್ತು. ಅವ್ವ ಒಳಗೆ ಹೋಗಿ ಅದನ್ನು ಇಳಿಸಿದಳು. ಆ ದಿನದ ಕರಚೀಕಾಯಿಗಳು ಕಪ್ಪಾಗಿದ್ದವು ಎಂದು ನನಗೆ ನೆನಪು.

ಸಂಜೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಎತ್ತಿಕೊಂಡು ಬಂದರು. ಕುರ್ಚಿಯನ್ನು ಹಿಂದಿನ ಬಾಗಿಲ ಬಳಿ ಇಟ್ಟರು. ಅದರ ಕಾಲಬುಡದಲ್ಲಿ ಮಾರ್ಥತ್ತೆ, ಅವಳ ಪಕ್ಕ ಅಕ್ಕ. ಚನ್ನಬಸಪ್ಪ ಮಾವ ಹೊರಗೆ ಮೆಟ್ಟಿಲ ಮೇಲೆ, ಕೊನೆಯ ಬಸ್ಸಿನ ದಾರಿ ಕಾಯುತ್ತ. ನಾನು ಎಲ್ಲಕ್ಕಿಂತ ಮುಂದೆ, ಅಪ್ಪನ ಮೊಣಕಾಲಿಗೆ ತಾಗಿ, ತಾಳ ಹಿಡಿದುಕೊಂಡು ಕೂತಿದ್ದೆ. ಅಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ, ಆದರೆ ಎಲ್ಲರಿಗೂ ಎಲ್ಲ ಗೊತ್ತಿತ್ತು. ಹಾಡು ಶುರುವಾದಾಗ ಢೋಲಕಿಯವನ ಕೈ ಓಡತೊಡಗಿತು. ಅಪ್ಪ, “ನಿಧಾನ” ಎಂದು ಗದರಿದ. ಒಂದೊಂದೇ ನುಡಿ ಮುಗಿಯುತ್ತ ಬಂತು. ಕುರುಬರು ಬಾಗಿಲಿಗೆ ಬಂದರು. ಒಳಗ ಬರಲೇನ ತಾಯಿ? ಢೋಲಕಿ ನಿಂತಿತು. ಹಾರ್ಮೋನಿಯಂನ ಒಂದೇ ಸ್ವರ, ಹಿಂದೆ ಅಜ್ಜಿಯ ಕೆಮ್ಮು. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ಅಪ್ಪನ ಕೊರಳ ನರ ಉಬ್ಬಿದ್ದು ಕಂಡಿತು. ಆಮೇಲೆ, ಮೌನವಿರಬೇಕಾದ ಕಡೆ, ಒಂದು ದನಿ ಬಂತು: “ಅಗಳಿ ಹಾಕಿಲ್ಲ, ಬಾಗಿಲಾ ಮುಂದ ಮಾಡೇತಿ, ದಬ್ಬಿಕೊಂಡ ಒಳಗ ಬರ್ರಿ.” ನನ್ನ ಕೈಯಿಂದ ತಾಳ ಬಿತ್ತು.

ಅತ್ತೆ ಹಾಡಿಬಿಟ್ಟಳು ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ನಂಬಿಕೊಂಡು ಬಂದೆ. ಪ್ರಾರ್ಥನೆ ನಡೆಯುತ್ತಿರುವಾಗಲೇ ಬಸ್ಸಿನ ಹಾರ್ನು ಕೇಳಿಸಿತು, ಅತ್ತೆ ಅಜ್ಜಿಯ ಪಾದ ಮುಟ್ಟಿ ಎದ್ದು ಹೋದಳು. ಅಪ್ಪ ಹಾರ್ಮೋನಿಯಂಗೆ ಬಟ್ಟೆ ಹೊದಿಸಿ ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಸುದ್ದಿ ತಡವಾಗಿ ಮುಟ್ಟಿದ್ದರಿಂದ ಅತ್ತೆ ಮಣ್ಣಾದ ಮೇಲೆ ಬಂದು, ಸಮಾಧಿಯಿಂದಲೇ ಹಿಂತಿರುಗಿದಳು. ಅಪ್ಪ ಮತ್ತೆ ಎಂದೂ ಆ ಹಾಡನ್ನು ಎತ್ತಿಕೊಳ್ಳಲಿಲ್ಲ. ಅಣ್ಣ ತಂಗಿ ಮಾತಾಡಲೂ ಇಲ್ಲ. ಅಪ್ಪ ತೀರಿಕೊಂಡಾಗ ಫೋನು ಮಾಡಿದೆವು. ಅವಳು ಬರಲಿಲ್ಲ. ಚರ್ಚಿನಲ್ಲಿ ಈಗ ಕೀಬೋರ್ಡು ಇದೆ, ಪೆನ್‌ಡ್ರೈವಿನಲ್ಲಿ ತುಂಬಿಟ್ಟ ಸಂಗೀತಕ್ಕೆ ಹುಡುಗರು ಮೈಕು ಹಿಡಿದು ಹಾಡುತ್ತಾರೆ. ಚೆನ್ನಾಗಿಯೇ ಹಾಡುತ್ತಾರೆ. ಅಂದು ಜಮಖಾನದ ಮೇಲಿದ್ದವರಲ್ಲಿ ಕೆಲವರು ಹುಬ್ಬಳ್ಳಿ, ಗೋವಾ ಎಂದು ಚದುರಿಹೋದರು, ಉಳಿದವರು ಮಣ್ಣಿನಲ್ಲಿದ್ದಾರೆ.

ಈ ಸಲ ಚರ್ಚಿನ ಹೆಂಗಸರಿಗೆ ಅಜ್ಜನ ಹಾಡು ಕಲಿಸುತ್ತಿರುವ ಅಕ್ಕ, ಮರಿಯವ್ವನ ಸಾಲಿಗೆ ಏನು ಹಾಡಿಸಲಿ ಎಂದು ಕೇಳಲು ಹಾನಗಲ್ಲಿನಿಂದ ಫೋನು ಮಾಡಿದಳು. ಅತ್ತೆ ಕೊನೆಯ ಸಲ ಹಾಡಿದ ಸಾಲನ್ನೇ ಹಾಕಿಬಿಡು ಎಂದೆ.

“ಅತ್ತಿ ಎಲ್ಲಿ ಹಾಡಿದ್ಲೋ? ನಾ ಬಾಜೂಕ ಕುಂತ ಆಕಿ ಬಾಯಿನ ನೋಡಾಕತ್ತಿದ್ದೆ. ತುಟಿ ಬಿಚ್ಚಲಿಲ್ಲ. ಅಪ್ಪ ಎಂದಿನಂಗ ಮುಂದಿನ ನುಡಿ ಎತ್ತಿದ, ಅಷ್ಟ.”

“ನಾ ಕಿವಿಯಾರೆ ಕೇಳೇನಿ.”

“ಪೆಟ್ರೋಮ್ಯಾಕ್ಸ್ ಇತ್ತು ಅಂತನೂ ಹೇಳ್ತಿ ನೀ. ಚರ್ಚಿನ್ಯಾಗ ಅಷ್ಟೊತ್ತಿಗೆ ಟ್ಯೂಬ್‌ಲೈಟ್ ಬಂದಿತ್ತು!”

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಪೆಟ್ರೋಮ್ಯಾಕ್ಸು ಸುಳ್ಳಾದರೆ ದನಿಯೂ ಸುಳ್ಳಿರಬಹುದು. ಬೇಕಾದದ್ದನ್ನು ನೆನಪು ಹೇಗೆ ಹೊಲಿದು ಕೊಡುತ್ತದೆ ಎಂದು ವಿದ್ಯಾರ್ಥಿಗಳಿಗೆ ಪಾಠ ಮಾಡಿದವನು ನಾನು. ತಡೆಯಲಾಗದೆ ಮರುದಿನವೇ ಮಾಸೂರಿನ ಬಸ್ಸು ಹತ್ತಿದೆ.

ಮದಗ ಕೆರೆಯ ನೀರುಂಡ ಗದ್ದೆಗಳ ಕೊಯ್ಲಾಗಿತ್ತು. ಅತ್ತೆ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ ಕೂತಿದ್ದಳು. ಮಾವ ಹೋಗಿ ಕೆಲವು ವರ್ಷಗಳಾಗಿವೆ. “ಏನಪಾ ಪ್ರೊಫೆಸರ, ದಾರಿ ತಪ್ಪಿ ಬಂದಿಯೇನ?” ಎಂದಳು.

“ಒಂದ ಮಾತ ಕೇಳಾಕ ಬಂದೇನ್ರಿ ಅತ್ತಿ.”

“ಕೇಳಾಕ ಬಂದಿ, ನೋಡಾಕ ಅಲ್ಲ. ಹೂಂ, ಕೇಳು.”

ಕೇಳಿದೆ. ಅವಳ ಬೆರಳುಗಳು ನಿಂತವು. “ನಾ ಹ್ಯಾಂಗ ಹಾಡ್ಲೋ? ತುಟಿ ಕಚ್ಚಿ ಹಿಡಕೊಂಡ ಕುಂತಿದ್ದೆ.”

ಅಕ್ಕನ ಮಾತೇ ನಿಜವಾಯಿತು. ಇಷ್ಟು ವರ್ಷ ಜೋಪಾನ ಮಾಡಿದ್ದು ಇಷ್ಟೇ ಏನು ಎಂದುಕೊಂಡೆ. ಅತ್ತೆ ಒಳಗೆ ಸೊಸೆ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿದಳು. “ನಾನೂ ನಿನ್ನ ಒಂದ ಕೇಳೂದೈತಿ. ಇದನ್ನ ನಿಮ್ಮ ಮಾವಗೂ ಹೇಳಿದ್ದಿಲ್ಲ. ನೀ ಅಣ್ಣನ ಮಗ್ಗಲಕ ಇದ್ದಿ. ಸವಾಲ ಮುಗದ ಮ್ಯಾಲೆ ನಿನಗ ಏನರ ಕೇಳ್ತೇನ?”

“ಕೇಳ್ತ್ರಿ.”

“ಏನ ಕೇಳ್ತು? ನಾ ಹೇಳಂಗಿಲ್ಲ. ನೀನ ಹೇಳು.”

ಈ ಸಾಲನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. ಮೆಲ್ಲಗೆ ಹೇಳತೊಡಗಿದೆ. “ಅಗಳಿ ಹಾಕಿಲ್ಲ, ಬಾಗಿಲಾ ಮುಂದ ಮಾಡೇತಿ...”

“ದಬ್ಬಿಕೊಂಡ ಒಳಗ ಬರ್ರಿ” ಎಂದು ಅತ್ತೆ ಮುಗಿಸಿದಳು. ಮಡಿಲಿನ ಶೇಂಗಾ ನೆಲಕ್ಕೆ ಉರುಳಿತು. “ನನ್ನ ಆಸೆನ ಹಂಗ ಕೇಳಿಸ್ತು ಅಂತ ತಿಳಕೊಂಡಿದ್ದೆ. ಅಂವ ಹಾಡಾಂವಲ್ಲ, ನಮ್ಮಣ್ಣ ಹಾಡಾಂವಲ್ಲ ಅಂತ.”

“ನೀವು ಹಾಡೀರಿ ಅಂತ ನಾ ತಿಳಕೊಂಡಿದ್ದೆರಿ.”

ಆಗ ನನಗೆ ಹೊಳೆಯಿತು. ಅತ್ತೆ ಕೂತದ್ದು ಹಿಂದಿನ ಬಾಗಿಲಲ್ಲಿ, ಆ ದನಿ ಬಂದದ್ದು ನನ್ನ ಕಿವಿಯ ಪಕ್ಕದಿಂದ, ತಗ್ಗಿದ ಸ್ವರದಲ್ಲಿ. ಸಾಲು ಯಾರದೋ ಅವರಿಗೇ ದನಿಯನ್ನೂ ಒಪ್ಪಿಸಿಬಿಟ್ಟಿತ್ತು ನನ್ನ ನೆನಪು. ಅಕ್ಕ ಅತ್ತೆಯ ತುಟಿ ನೋಡುತ್ತ ಕೂತವಳು. ಅಪ್ಪನ ದನಿ ಅವಳಿಗೆ ಮುಂದಿನ ನುಡಿಯಂತೆ ಕೇಳಿಸಿತ್ತು. ಮಗಳು ಮಾತ್ರ ಹಾಡಬೇಕಾದ ಸಾಲನ್ನು, ಸಭೆಯ ಎದುರು, ಅಪ್ಪ ತಾನೇ ಹಾಡಿದ್ದ.

“ಕರದಿದ್ದ ಅಂವ” ಎಂದಳು ಅತ್ತೆ. “ಕರದಿದ್ದ. ನಾ ಬಸ್ ಹತ್ತಿ ಬಂದೆ.” ಅಳಲಿಲ್ಲ. ಉರುಳಿದ ಶೇಂಗಾಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕಿದಳು. ಇಬ್ಬರು ವಯಸ್ಸಾದವರ ಸಾಕ್ಷಿ, ಇಬ್ಬರಿಗೂ ಬೇಕಾದದ್ದೇ ಸಿಕ್ಕಿದೆ ಎಂದು ನನ್ನೊಳಗಿನ ಮಾಸ್ತರ ಗೊಣಗಿದ. ಅವನನ್ನು ಗೊಣಗಲು ಬಿಟ್ಟು ನಾನೂ ಬಗ್ಗಿ ಒಂದೆರಡು ಕಾಳು ಆಯ್ದುಕೊಟ್ಟೆ.

ಬೇಡವೆಂದರೂ ಕೇಳದೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದಳು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದುಕೊಂಡು, ಬೇರೆ ಏನೋ ಮಾತಾಡುವವಳಂತೆ ಕೇಳಿದಳು. “ಬರೂ ವಾರ ಹಾನಗಲ್ಲಿಗೆ ಬರ್ತೇನಿ. ಅಣ್ಣನ್ನ ಎಲ್ಲಿ ಮಣ್ಣ ಮಾಡೀರಿ?”

“ಅಜ್ಜಿ ಮಗ್ಗಲಕ್ರಿ.”

“ಯಾವ ಮಗ್ಗಲಕ?”

“ಎಡಕ್ಕ.”

“ಹೌದು. ಸಣ್ಣಾಂವಿದ್ದಾಗಿಂದ ಅಂವ ಅವ್ವನ ಎಡಕ್ಕ ಮಲಗಾಂವ” ಎಂದಳು. “ಬಲಕ್ಕ ನಾ.”

ಬಸ್ಸು ಹೊರಟಿತು. ಆ ಬದಿಯಲ್ಲಿ ಈಗ ಯಾರಿದ್ದಾರೆಂದು ಅವಳು ಕೇಳಲಿಲ್ಲ. ಇನ್ನೂ ಖಾಲಿ ಇದೆ ಎಂದು ನಾನೂ ಹೇಳಲಿಲ್ಲ.