ಎಂಟಲ್ಲ, ಏಳು!

ನನಗೆ ಕೆಲಸ ಸಿಕ್ಕಿದ್ದು ಒಂದು ಸುಳ್ಳಿನಿಂದ. ಬೈಕುಲ್ಲಾದ ಉಡುಪಿ ಹೋಟೆಲೊಂದರ ಅಟ್ಟದ ಮೇಲಿನ ಪುಟ್ಟ ಆಫೀಸಿನಲ್ಲಿ ಅದರ ಧಣಿಗಳು, "ಟೈಪಿಂಗ್ ಬರ್ತದೆ, ಆಯ್ತು. ಹಿಂದಿ ಬರ್ತದಾ?" ಎಂದು ಕೇಳಿದರು. ನಾನು ರೆಪ್ಪೆ ಮಿಟುಕಿಸದೆ, "ಚೆನ್ನಾಗಿ ಬರುತ್ತೆ ಸಾರ್" ಎಂದುಬಿಟ್ಟೆ. ಮದುವೆಯಾಗಿ ಮೈಸೂರಿನಿಂದ ಗೋರೆಗಾಂವ್‌ಗೆ ಬಂದು ಆಗ ಎಂಟು ತಿಂಗಳಾಗಿತ್ತು. ನನ್ನ ಹಿಂದಿ ಎಂದರೆ "ಭೈಯಾ, ಕಿತನಾ?" ಮತ್ತು "ನಹೀ ಚಾಹಿಯೇ". ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದರಿಂದ ಮಿಕ್ಕದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಸುಳ್ಳಿಗೆ ಕಾರಣ ಇತ್ತು. ಸೊಸೆ ಕೆಲಸಕ್ಕೆ ಹೋಗುವುದು ಅತ್ತೆಗೆ ಇಷ್ಟವಿರಲಿಲ್ಲ. "ಹೋಗು, ಬೇಡ ಅನ್ನಲ್ಲ. ಆದ್ರೆ ಒಂದೇ ಒಂದು ದಿನ ಅವರ ಹತ್ರ ಬೈಸ್ಕೊಂಡು ಬಂದ್ಯೋ, ಮಾರನೇ ದಿನದಿಂದ ಮನೇಲಿರು" ಎಂದು ಕರಾರು ಹಾಕಿದ್ದರು. ನನಗೋ ಆ ಲೋಕಲ್ ಟ್ರೈನಿನ ಹುಚ್ಚು ಹಿಡಿದಿತ್ತು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೈನಿನ ಗಾಡಿಗೆ ಓಡುವಾಗ ಯಾರೂ ನನ್ನನ್ನು "ಎಲ್ಲಿಗೆ?" ಎಂದು ಕೇಳುತ್ತಿರಲಿಲ್ಲ. ಹುಟ್ಟಿದಾರಭ್ಯ ಅಂಥ ಸುಖ ಕಂಡಿರಲಿಲ್ಲ. ಅದು ಕೈತಪ್ಪಿದರೆ ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಮುಖ ನಾನು, ನನ್ನ ಮುಖ ಅತ್ತೆ ನೋಡಿಕೊಂಡು ಕೂರಬೇಕಿತ್ತು.

ಧಣಿಗಳಿಗೆ ಇನ್ನೊಂದು ಹುಚ್ಚು. ಕುರ್ಲಾದ ಚಾಳಿನ ಹೆಂಗಸರು ಲಟ್ಟಿಸಿದ ಉದ್ದಿನ ಹಪ್ಪಳವನ್ನು ದುಬೈಗೆ ಕಳಿಸಬೇಕು, ತಾನು ಎಕ್ಸ್‌ಪೋರ್ಟರ್ ಆಗಬೇಕು. ದುಬೈಯಲ್ಲಿ ಹೋಟೆಲು ಇಟ್ಟಿದ್ದ ಅವರ ಊರಿನವರೊಬ್ಬರು ನಲವತ್ತು ಪೆಟ್ಟಿಗೆಗೆ ಆರ್ಡರು ಕೊಟ್ಟಿದ್ದರು. ಆದರೆ ಹೊರದೇಶಕ್ಕೆ ಸರಕು ಕಳಿಸುವವರಿಗೆ ಸರ್ಕಾರದ ಒಂದು ಕೋಡ್ ನಂಬರು ಬೇಕು. ಅದಿಲ್ಲದ ಕಾಗದವನ್ನು ಕಸ್ಟಮ್ಸ್‌ನವರು ಮುಟ್ಟುವುದೂ ಇಲ್ಲ. ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ಪೋಸ್ಟ್‌ಮ್ಯಾನ್ ಕಂಡರೆ ಸಾಕು, ಧಣಿಗಳು ಗಲ್ಲಾ ಬಿಟ್ಟು ಬೀದಿಗಿಳಿಯುತ್ತಿದ್ದರು.

ಒಂದು ಸೋಮವಾರ ಫೋನು ಬಂತು. ಕೋಡ್ ಕೊಡುವ ಫೋರ್ಟ್‌ನ ಸರ್ಕಾರಿ ಕಚೇರಿಯ ಪ್ಯೂನ್ ಮಾತಾಡಿದ. ಪತ್ರ ತಯಾರಾಗಿದೆ, ಗುರುವಾರ ಬಂದು ಒಯ್ಯಿರಿ, ನಂಬರು ಬೇಕಿದ್ದರೆ ಈಗಲೇ ಬರೆದುಕೊಳ್ಳಿ ಎಂದ. ಧಣಿಗಳು ರಿಸೀವರನ್ನು ನನ್ನ ಕೈಗೆ ತುರುಕಿದರು. ಅಂಕಿಗಳು ಜೋಡಿ ಜೋಡಿಯಾಗಿ ಬಂದವು: ಬಾರಾ, ಚಾಲೀಸ್, ತೀಸ್. ಇಷ್ಟನ್ನು ತರಕಾರಿಯವನ ದಯೆಯಿಂದ ಕಲಿತಿದ್ದೆ. ಕೊನೆಗೆ ಅವನೆಂದ, "ಉನ್ಯಾಸಿ."

ಅಸ್ಸಿ ಎಂದರೆ ಎಂಬತ್ತು ಎಂಬುದು ಗೊತ್ತಿತ್ತು. ಚೌರಾಸಿ, ಪಚಾಸಿ, ಬಾಲಕ್ಕೆ 'ಆಸಿ' ಇದ್ದದ್ದೆಲ್ಲ ಎಂಬತ್ತರ ಮನೆಯವು. 'ಉನ್' ಎಂದರೆ ಉನ್ನೀಸ್, ಹತ್ತೊಂಬತ್ತರ ಒಂಬತ್ತು. ಅಲ್ಲಿಗೆ ಎಂಬತ್ತೊಂಬತ್ತು! ನನ್ನ ಬುದ್ಧಿಗೆ ನಾನೇ ಮೆಚ್ಚಿ 89 ಎಂದು ದಪ್ಪಗೆ ಬರೆದೆ.

ಆಮೇಲೆ ನೋಡಬೇಕಿತ್ತು ಧಣಿಗಳ ಸಂಭ್ರಮ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುವುದು ಕಡಿಮೆಯಾದೀತು, ಅವರು ಕೂಸಿನ ಮದುವೆಗೇ ಚಪ್ಪರ ಹಾಕಿಸಿದರು. ಪೇಂಟರ್ ಬಂದು ಬೋರ್ಡಿನ ಮೇಲೆ ಆ ನಂಬರು ಬರೆದ. ಲೆಟರ್‌ಹೆಡ್ ಅಚ್ಚಾಯಿತು. ಯಾವ ಕಾನೂನೂ ಕೇಳದಿದ್ದರೂ ನಲವತ್ತು ಪೆಟ್ಟಿಗೆಗಳ ಮೇಲೂ ನಂಬರು ಕೂತಿತು. ಗಿರಾಕಿಗಳಿಗೆಲ್ಲ ಪುಕ್ಕಟೆ ಶೀರಾ. ನಾನು ಶಿಪ್ಪಿಂಗ್ ಕಾಗದಗಳನ್ನೆಲ್ಲ ನಾಲ್ಕು ನಾಲ್ಕು ಪ್ರತಿ ಟೈಪು ಮಾಡಿಟ್ಟೆ. ಗುರುವಾರ ಹನ್ನೊಂದಕ್ಕೆ ಕ್ಲಿಯರಿಂಗ್ ಏಜೆಂಟ್ ಬಂದು ಕಾಗದ ಒಯ್ಯುವುದು, ದಾರಿಯಲ್ಲಿ ಫೋರ್ಟ್‌ನ ಪತ್ರವನ್ನೂ ಪಡೆದು ಕಸ್ಟಮ್ಸ್‌ಗೆ ಕೊಡುವುದು, ಶುಕ್ರವಾರ ಹಡಗು. ಅದು ತಪ್ಪಿದರೆ ಮುಂದಿನ ಹಡಗು ಮೂರು ವಾರಕ್ಕೆ. ಮುಂಬಯಿಯ ಜುಲೈ ತಿಂಗಳಲ್ಲಿ ಮೂರು ವಾರ ಕೂತ ಹಪ್ಪಳವನ್ನು ಮಡಚಿ ಕರ್ಚೀಫಿನ ಹಾಗೆ ಜೇಬಿಗಿಡಬಹುದು.

ಗುರುವಾರ ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಎದುರಿಗೆ ಕ್ಲಿಪ್ಪು ಮಾರುವ ಹೆಂಗಸು ಕಾಲು ಚಾಚಿ ನೆಲದ ಮೇಲೆ ಕೂತು, ಉಳಿದ ಮಾಲನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. "ಸತಹತ್ತರ್, ಅಠಹತ್ತರ್, ಉನ್ಯಾಸಿ, ಅಸ್ಸಿ."

ಉನ್ಯಾಸಿ ಆದಮೇಲೆ ಅಸ್ಸಿ?

ನಾನು ಸೀಟಿನಿಂದ ಅವಳತ್ತ ಬಗ್ಗಿದೆ. "ಫಿರ್ ಸೇ ಬೋಲೋ" ಎಂದೆ. ಅವಳು ಇವಳಿಗೇನೋ ಹುಚ್ಚು ಎನ್ನುವಂತೆ ನೋಡಿ ಮತ್ತೆ ಎಣಿಸಿದಳು. ಅಸ್ಸಿಗಿಂತ ಒಂದು ಮುಂಚೆಯೇ ಉನ್ಯಾಸಿ. ಎಪ್ಪತ್ತೊಂಬತ್ತು! ಅವಳಿಂದ ಒಂದು ಡಜನ್ ಕ್ಲಿಪ್ಪು ಯಾಕೆ ಕೊಂಡೆನೋ ಇಂದಿಗೂ ತಿಳಿಯದು.

ಬೈಕುಲ್ಲಾ ಸ್ಟೇಷನ್ನಿನಿಂದ ಹೋಟೆಲಿನವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ನಸುಕಿಗೇ ಎದ್ದು ಹೋಟೆಲು ತೆರೆಯುವ ಧಣಿಗಳು ಆ ಹೊತ್ತಿಗೆ ಅಟ್ಟದ ಕುರ್ಚಿಯಲ್ಲಿ ಒಂದು ಕೋಳಿನಿದ್ದೆ ತೆಗೆಯುವುದು ರೂಢಿ. ಎಬ್ಬಿಸುವ ಧೈರ್ಯವಾಗಲಿಲ್ಲ. ಹತ್ತಕ್ಕೆ ಕಚೇರಿ ತೆರೆಯುತ್ತಲೇ ಫೋನು ತಿರುಗಿಸಿದೆ. ನಾಲ್ಕನೆಯ ಸಲಕ್ಕೆ ಪ್ಯೂನ್ ಸಿಕ್ಕಿದ.

"ಆಖಿರ್ ಮೇ ಆಠ್ ನೌ, ಯಾ ಸಾತ್ ನೌ?"

"ಸಾತ್ ನೌ. ಉನ್ಯಾಸಿ ಬೋಲಾ ಥಾ ನಾ ಬಹೆನ್‌ಜೀ!"

ರಿಸೀವರ್ ಕುಕ್ಕಿ ಕಿರುಚಿದೆ, "ಏಳು! ಅಯ್ಯೋ ದೇವರೇ, ಏಳು!"

ಧಣಿಗಳು ಧಡಕ್ಕನೆ ಎದ್ದು ನಿಂತರು. ನಿದ್ದೆಗಣ್ಣಿನಲ್ಲೇ ಮುಖ ಕೆಂಪಾಯಿತು. "ಎಂತ ಮಾರಾಯ್ತಿ, ಧಣಿಗೆ 'ಏಳು' ಹೇಳುದಾ? 'ಏಳಿ' ಹೇಳ್ಲಿಕ್ಕೆ ಬರುದಿಲ್ವಾ ನಿಂಗೆ?"

"ನಿಮ್ಗಲ್ಲ ಸಾರ್, ನಂಬರಿಗೆ! ಎಂಟಲ್ಲ, ಏಳು!"

"ಎದ್ದು ನಿಂತಿದ್ದೇನಲ್ಲ, ಇನ್ನೆಷ್ಟು ಏಳುದು?"

ನಾನು 79 ಎಂದು ಬರೆದು ಅವರ ಮೂಗಿನ ಕೆಳಗೆ ಹಿಡಿದೆ. ಅವರು ಕಾಗದ ನೋಡಿದರು, ಗೋಡೆಗೆ ಒರಗಿಸಿದ್ದ ಪೆಟ್ಟಿಗೆ ನೋಡಿದರು, ಗಡಿಯಾರ ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ. ಅಟ್ಟದಿಂದ ಇಣುಕಿ ಕೆಳಗಿನವರಿಗೆ ತುಳುವಿನಲ್ಲಿ ಏನೋ ಗುಡುಗಿದರು.

ಮುಂದಿನ ಒಂದು ಗಂಟೆಯನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಅಡಿಗೆ ಭಟ್ಟರು ಸಾಂಬಾರಿನ ಪಕ್ಕದ ಒಲೆಯಲ್ಲಿ ಮೈದಾ ಅಂಟು ಕುದಿಸಿದರು. ಸಪ್ಲೈಯರುಗಳೆಲ್ಲ ಸಾಲಾಗಿ ಕೂತು ಪೆಟ್ಟಿಗೆಯ ಎಂಟುಗಳ ಮೇಲೆ ಏಳು ಬರೆದ ಚೀಟಿ ಅಂಟಿಸಿದರು. ಕೆಳಗೆ ಗಿರಾಕಿಗಳು ದೋಸೆ, ದೋಸೆ ಎಂದು ಕೂಗುತ್ತಿದ್ದರು, ಮೇಲೆ ನನ್ನ ಟೈಪ್‌ರೈಟರು ಮೆಷಿನ್‌ಗನ್ನಿನಂತೆ ಬಡಿದುಕೊಳ್ಳುತ್ತಿತ್ತು. ತಿದ್ದಿದ ಕಾಗದ ನಡೆಯದು, ಎಲ್ಲವೂ ಹೊಸದಾಗಬೇಕು. ಹನ್ನೊಂದಕ್ಕೆ ಸರಿಯಾಗಿ ಏಜೆಂಟ್ ಬಂದೇಬಿಟ್ಟ. ಧಣಿಗಳು ಅವನ ಹೆಗಲ ಮೇಲೆ ಕೈಹಾಕಿ ಕೂರಿಸಿ, ಇಡ್ಲಿ ಇಡಿಸಿದರು. ಆಮೇಲೆ ವಡೆ. ಆಮೇಲೆ ನೀರುದೋಸೆ. ಅವನು "ಬಸ್, ಬಸ್" ಎಂದು ಎಲೆಯ ಮೇಲೆ ಅಡ್ಡ ಕೈ ಹಿಡಿಯುವಷ್ಟರಲ್ಲಿ ನಾನು ಕೊನೆಯ ಹಾಳೆ ಎಳೆದೆ. ಅವನು ತೇಗುತ್ತ ಟ್ಯಾಕ್ಸಿ ಹತ್ತಿದ.

ನಾಲ್ಕು ಗಂಟೆಗೆ ಅವನ ಫೋನು ಬಂತು. ಕಾಗದ ಪಾಸಾಗಿತ್ತು.

ಕೆಳಗೆ ಎಲ್ಲರೂ ಕುಣಿಯುತ್ತಿದ್ದರು. ನಾನು ಮಾತ್ರ ಅಟ್ಟದಲ್ಲಿ ಧಣಿಗಳ ಮುಂದೆ ಹೋಗಿ ನಿಂತೆ. ಇನ್ನು ಹೇಳದೆ ಇರಲಾಗಲಿಲ್ಲ. "ಸಾರ್, ನನಗೆ ಹಿಂದಿ ಬರಲ್ಲ. ಕೆಲಸ ಬೇಕಿತ್ತು ಅಂತ ಸುಳ್ಳು ಹೇಳ್ದೆ" ಎಂದೆ. ನಾಳೆಯಿಂದ ಟ್ರೈನಿಲ್ಲ ಎಂದು ನೆನೆದು ಅಳು ಬಂತು.

ಧಣಿಗಳು ಮೆಟ್ಟಿಲಿನತ್ತ ಒಮ್ಮೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದರು. "ಮಂಗಳವಾರ ನಾನೂ ಫೋನ್ ಮಾಡಿ ಕೇಳಿದ್ದೆ. ಅವ ಉನ್ಯಾಸಿ ಹೇಳಿದ. ನಾನೂ ಎಂಬತ್ತೊಂಬತ್ತು ಸರಿ ಉಂಟು ಅಂತ ಇಟ್ಟೆ." ದನಿ ಇನ್ನೂ ಇಳಿಯಿತು. "ಇಪ್ಪತ್ತು ವರ್ಷ ಆಯ್ತು ಈ ಊರಲ್ಲಿ. ಐವತ್ತರ ಮೇಲೆ ಹಿಂದಿ ಲೆಕ್ಕ ನನಗೂ ಬರುದಿಲ್ಲ. ಮತ್ತೆ ಹಿಂದಿ ಬರುವವರೇ ಬೇಕು ಅಂತ ನಿನ್ನನ್ನು ಇಟ್ಟದ್ದು ಎಂತಕ್ಕೆ? ಕೆಳಗೆ ಯಾರಿಗೂ ಹೇಳ್ಬೇಡ. ನಾಳೆ ಬೇಗ ಬಾ."

ಆ ಸಂಜೆ ಬಾಗಿಲು ತೆರೆಯುತ್ತಲೇ ಅತ್ತೆ ನನ್ನ ಕೆಂಪು ಕಣ್ಣು ನೋಡಿ, "ಏನು, ಬೈದ್ರಾ?" ಎಂದರು. ದನಿಯಲ್ಲಿ ಆಸೆಯಿತ್ತು.

"ಇಲ್ಲ ಅತ್ತೆ. ಧಣಿಗಳಿಗೆ ಏಳು ಅಂದೆ, ಎದ್ದು ನಿಂತ್ರು" ಎಂದೆ.

ಅತ್ತೆ ಕಾಫಿ ಲೋಟವನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಮಾರನೇ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನನ್ನ ಡಬ್ಬಿಗೆ ಅವರೇ ಚಪಾತಿ ಲಟ್ಟಿಸಿ ಇಟ್ಟಿದ್ದರು.