ಮೊಟ್ಟೆ ಮದರಾಸಿನಲ್ಲೇ ಬೆಂದಿತ್ತು

ಊರವರೇ, ಆ ವರ್ಷ ನಿಮ್ಮ ಮನೆಗಳ ರೇಷ್ಮೆಹುಳು ಸತ್ತದ್ದು ಚಿಕ್ಕತಾಯಮ್ಮನಿಂದಲ್ಲ. ನನ್ನಿಂದ. ನೀವೆಲ್ಲ ನನ್ನ ಮನೆಯ ಜಗಲಿ ಮೇಲೆ ಕೂತು ಅವಳನ್ನು ವಿಚಾರಿಸಿದಿರಲ್ಲ — ಆ ಹೊತ್ತಿಗೂ ನನಗೆ ಸತ್ಯ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದೆ. ಅಲ್ಲ, ಸುಮ್ಮನಿದ್ದಿದ್ದರೂ ಎಷ್ಟೋ ವಾಸಿಯಿತ್ತು.

ಬರೆಯಲು ಕೂತರೆ ಮೈ ಉರಿಯುತ್ತದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಎಂದರೆ — ಇರಲಿ. ನಡೆದದ್ದನ್ನು ಹೇಳುತ್ತೇನೆ.

ಜಪಾನಿನ ಜಾತಿ ಹುಳು ಸಾಕಿದರೆ ಗೂಡು ಗಟ್ಟಿ, ನೂಲು ಉದ್ದ ಎಂಬ ಸುದ್ದಿ ಕೊಳ್ಳೇಗಾಲದ ನೂಲಿನ ವ್ಯಾಪಾರಿಗಳಿಂದ ನಮ್ಮ ಕಡೆಗೂ ಬಂದಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಳ್ಳೂರಿನ ಆಚೆಗಿರುವ ನಮ್ಮ ಪುಟ್ಟ ಊರಿನಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ. ಓಡಾಡಿ ಪರವಾನಗಿ ತಂದೆ. ಮೊಟ್ಟೆ ವಿಮಾನದಲ್ಲಿ ಮದರಾಸಿಗೆ ಬರಬೇಕು; ಅಲ್ಲಿ ಸುಂಕದವರಿಂದ ಬಿಡಿಸಿ ಕೊಡುವ ಏಜೆಂಟರೊಬ್ಬರನ್ನು ನಾವು ಗೊತ್ತು ಮಾಡಬೇಕು. ಮೊಟ್ಟೆ ಎಂದರೆ ಜೀವ — ತಂಪಿನಲ್ಲಿರಬೇಕು, ಬಿಸಿಲಿಗೆ ಸಿಕ್ಕರೆ ಕೆಟ್ಟಿತು. ಏಜೆಂಟ್ ಸರಿಯಿಲ್ಲದಿದ್ದರೆ ಜಪಾನಿನವರು ಎಷ್ಟು ಜೋಪಾನವಾಗಿ ಕಳಿಸಿದರೂ ದಂಡ.

ಏಜೆಂಟರನ್ನು ನೋಡಲು ನನ್ನ ಜೊತೆ ಬಂದವನು ಮಾದಪ್ಪ, ಚಿಕ್ಕತಾಯಮ್ಮನ ಗಂಡ. ಊರಿಗೆಲ್ಲ ಎಳೆಹುಳು ಸಾಕಿ ಹಂಚುತ್ತಿದ್ದದ್ದು ಅವರ ಮನೆಯಲ್ಲೇ ತಾನೆ? ಅವಳ ಕೈಗೆ ಅಂಥ ಹೆಸರಿತ್ತು. ಹೆಂಡತಿ ತಮಿಳು ಗಡಿಯ ಹೂಗ್ಯಂ ಕಡೆಯವಳಾದ್ದರಿಂದ ಮಾದಪ್ಪನಿಗೆ ತಮಿಳು ಸಲೀಸು. ನಾವು ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಹುಟ್ಟಿದ ನನಗೂ ತಮಿಳು ಬರುತ್ತಿತ್ತು. ಆದರೂ ಅಲ್ಲಿ ಇಂಗ್ಲಿಷಿನಲ್ಲೇ ಮಾತಾಡಿದೆ.

ಬಂದರಿನ ಹತ್ತಿರದ ಇಕ್ಕಟ್ಟಾದ ಆಫೀಸಿನಲ್ಲಿದ್ದ ಮೊದಲನೆಯ ಏಜೆಂಟ್ ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿದ. ನನ್ನ ಇಂಗ್ಲಿಷಿಗೆ ಎರಡು ಮಾತು ಉತ್ತರ ಕೊಟ್ಟು, ಮಾದಪ್ಪನ ಕಡೆ ತಿರುಗಿ ತಮಿಳಿನಲ್ಲಿ ಶುರು ಮಾಡಿದ. ಹುಳು ಸಾಕುವವನು ಯಾರೆಂದು ಅವನಿಗೆ ತಿಳಿದುಹೋಗಿತ್ತು. ಶನಿವಾರ ಇಳಿಯುವ ವಿಮಾನಕ್ಕೆ ಹಾಕಿಸಬೇಡಿ, ಭಾನುವಾರ ಬಿಡಿಸುವುದು ಕಷ್ಟ ಎಂದ. ಕಾಗದಪತ್ರ ಮೊದಲೇ ತಲುಪಿಸಿ, ಇಳಿದ ದಿನವೇ ನನ್ನ ಆಳು ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ನಿಂತಿರುತ್ತಾನೆ ಎಂದ. ವಿಮಾನದವರನ್ನು ಕೇಳದೆ ನಾನು ಯಾವ ಮಾತೂ ಕೊಡುವುದಿಲ್ಲ ಎಂದೂ ಹೇಳಿದ. ಅಷ್ಟು ಹೊತ್ತೂ ನಾನು — ಪರವಾನಗಿ ತಂದವನು, ಬಿ.ಎಸ್ಸಿ. ಓದಿದವನು — ಗೋಡೆ ನೋಡುತ್ತ ಕೂತಿದ್ದೆ.

ಎರಡನೆಯವನದು ದೊಡ್ಡ ಆಫೀಸು. ಅವನು ಎದ್ದು ಬಂದು ಕೈ ಕುಲುಕಿದ. 'ಡೈರೆಕ್ಟರ್ ಸಾರ್' ಎಂದು ಕರೆದ! ನಾನು ಯಾವುದರ ಡೈರೆಕ್ಟರ್? ಮಾದಪ್ಪ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬಾ ಎಂದು ನಾನೂ ಕರೆಯಲಿಲ್ಲ. ಶನಿವಾರದ ಮಾತು ಎತ್ತಿದ್ದಕ್ಕೆ ಆ ಮನುಷ್ಯ ನಕ್ಕುಬಿಟ್ಟ. "ಎಲ್ಲ ನಮಗೆ ಬಿಡಿ ಸಾರ್."

ಬಿಟ್ಟೆ. ಅಲ್ಲೇ ರುಜು ಹಾಕಿದೆ.

ಬೀದಿಗೆ ಬಂದಾಗ ಮಾದಪ್ಪ ಅಂದ — "ಅಣ್ಣ, ಆ ಮೊದಲ್ನೇವ್ರೇ ವಾಸಿ ಕಣ್ರಿ. ಆಗಾಕಿಲ್ಲ ಅನ್ನಾದ್ನ ಮುಂದಾಗೇ ಯೋಳುದ್ರು."

"ಇಂಗ್ಲಿಷ್ ವ್ಯವಹಾರ ನಿನಗೇನೋ ಗೊತ್ತು?" ಅಂದೆ.

ಮೊಟ್ಟೆಯ ಪೆಟ್ಟಿಗೆ ಇಳಿದದ್ದು ಶನಿವಾರವೇ. ಏಜೆಂಟನ ಆಳು ಅತ್ತ ಸುಳಿಯಲೇ ಇಲ್ಲ. ನಾನು ಒಬ್ಬನೇ ಹೋಗಿ ಕೂಗಾಡಿ ಬಿಡಿಸಿಕೊಳ್ಳುವ ಹೊತ್ತಿಗೆ ಮಂಗಳವಾರವಾಗಿತ್ತು. ಅಷ್ಟು ದಿನವೂ ಅದು ಮದರಾಸಿನ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಬಿದ್ದಿತ್ತು. ಮುಟ್ಟಿದರೆ ಬಿಸಿ. ಬಿಚ್ಚಿದೆ. ಅಕಾಲಕ್ಕೆ ಒಡೆದ ಕೆಲವು ಮೊಟ್ಟೆಗಳಿಂದ ಹೊರಬಂದ ಮರಿಗಳು ಕಪ್ಪು ನೂಲಿನ ತುಂಡುಗಳಂತೆ, ಮೊಟ್ಟೆ ಇಡಿಸಿದ್ದ ಕಾಗದಕ್ಕೆ ಅಂಟಿ ಒಣಗಿದ್ದವು. ಬೆರಳಿನಿಂದ ಅವನ್ನು ಒರೆಸಿ ಹಾಕಿದೆ. ಒದ್ದೆ ಬಟ್ಟೆ ಸುತ್ತಿ ಊರಿಗೆ ತಂದು ಚಿಕ್ಕತಾಯಮ್ಮನ ಕೈಗಿಟ್ಟೆ. ಮೊಟ್ಟೆ ಕೆಟ್ಟಿದೆ ಎಂದರೆ, ಯಾರನ್ನು ನಂಬಿದೆ, ಯಾಕೆ ನಂಬಿದೆ ಎಂದು ಕೇಳುತ್ತೀರಿ. ಮಾದಪ್ಪ ಬಾಯಿ ಬಿಡುತ್ತಾನೆ. ಆ ಒಂದು ಮಾತಿಗೆ ಹೆದರಿ —

ಅರ್ಧದಷ್ಟು ಮೊಟ್ಟೆ ಒಡೆಯಲೇ ಇಲ್ಲ. ಚಿಕ್ಕತಾಯಮ್ಮ ಉಳಿದ ಮರಿಗಳನ್ನೇ ಸಾಕಿ ಹಂಚಿದಳು. ಪೊರೆ ಕಳಚಿ ಮೂರನೇ ಜ್ವರ ಏಳುವಾಗ ಊರಿನ ಎಲ್ಲರ ಮನೆಯಲ್ಲೂ ಹುಳು ಕರಗಿ ನಾರಿತು. ನೀವು ಜಗಲಿಗೆ ಬಂದಿರಿ. ಹಿರಿಯರೊಬ್ಬರು ನೇರವಾಗಿ ಕೇಳಿದರು — "ಮೊಟ್ಟೆ ಸರೀಗಿತ್ತೇನಪ್ಪ?"

ನಾನು ಹೇಳಿದ್ದು ಇದು: "ಜಪಾನಿನ ಮೊಟ್ಟೆ, ವಿಮಾನದಲ್ಲಿ ಬಂದದ್ದು. ಅದಕ್ಕೇನೂ ಆಗಿರಲಿಲ್ಲ. ಹುಳುಮನೆಗೆ ಯಾರು ಯಾವ ಸ್ಥಿತಿಯಲ್ಲಿ ಹೋಗಿದ್ದರೋ — ನೀವೇ ಕೇಳಿಕೊಳ್ಳಿ."

ಮುಟ್ಟಾದ ಹೆಂಗಸು ಹೋದರೆ ಹುಳು ಸಾಯುತ್ತದೆ ಎನ್ನುವುದು ಸುಳ್ಳೆಂದು ಓದಿದವನು ನಾನು. ನೀವು ಅದನ್ನು ನಂಬುತ್ತೀರಿ ಎಂದು ಗೊತ್ತಿದ್ದೇ ಆ ಮಾತು ಎಸೆದೆ. ನೀವೂ ಹಿಡಿದಿರಿ. ಎಷ್ಟು ಬೇಗ ಹಿಡಿದಿರಿ! ವರ್ಷಗಟ್ಟಲೆ ಅವಳ ಕೈಯ ಹುಳು ಬೆಳೆಸಿ ಉಂಡವರು, ಒಬ್ಬರಾದರೂ ಅವಳ ಪರವಾಗಿ — ಆ ಸಿಟ್ಟು ನನಗೆ ನಿಮ್ಮ ಮೇಲೂ ಇದೆ. ಅದರಿಂದ ನನ್ನ ಪಾಲು ಏನೂ ಕಡಿಮೆಯಾಗುವುದಿಲ್ಲ.

ಅವಳು ಕಂಬದ ಪಕ್ಕ ನಿಂತಿದ್ದಳು. ಅಷ್ಟು ಜನ ಗಂಡಸರ ಮುಂದೆ ತಲೆ ಎತ್ತಿ ಹೇಳಿದಳು — "ನಾನು ಮುಟ್ಟಾಗಿ ಮೂರ್ ತಿಂಗ್ಳಾಯ್ತು. ಬಸ್ರಿ ನಾನು. ಸಾಕಾ?"

ಅತ್ತೆಗೂ ಇನ್ನೂ ತಿಳಿಸಿರದ ಸುದ್ದಿಯಂತೆ. ಅದನ್ನು ಅವಳ ಬಾಯಿಂದ ಹಾಗೆ ಹೊರಡಿಸಿದವನು ನಾನು. ಆಗಲೂ ನಿಮ್ಮಲ್ಲೊಬ್ಬರು ಬಸುರಿ ಹುಳುಮನೆಗೆ ಹೋಗಬಹುದೇ ಎಂದು ಹೊಸ ತಪ್ಪು ತೆಗೆದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಯಾರೂ ಅವಳ ಕೈಗೆ ಹುಳು ಕೊಡಲಿಲ್ಲ. ಗಂಡ ಹೆಂಡತಿ ಹೂಗ್ಯಂ ಸೇರಿದರು. ನಾನು ಗುಟ್ಟಾಗಿ ಮದರಾಸಿಗೆ ಹೋಗಿ ಆ ಮೊದಲನೆಯ ಏಜೆಂಟನನ್ನೇ ಗೊತ್ತು ಮಾಡಿಕೊಂಡು ಬಂದೆ. ಮುಂದಿನ ಮೊಟ್ಟೆ ಬುಧವಾರ ಇಳಿಯಿತು, ಅಂದೇ ಶೆಡ್ಡಿನಿಂದ ಹೊರಬಿತ್ತು, ಬೆಳೆ ಬಂಗಾರದಂತೆ ಬಂತು. ನೀವು ಅಂದಿರಿ — ನೋಡಿದಿರಾ, ಅವಳು ಹೋದದ್ದೇ ಊರು ನೆಟ್ಟಗಾಯಿತು. ನನಗೆ ಹಾರ ಹಾಕಿದಿರಿ. ನಾನು ಕತ್ತು ಬಗ್ಗಿಸಿ ಹಾಕಿಸಿಕೊಂಡೆ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಹೂಗ್ಯಂಗೆ ಹೋಗಿದ್ದೆ. ನನ್ನನ್ನು ಕಂಡ ಮಾದಪ್ಪ ಹೊಲದ ಕಡೆ ನಡೆದುಬಿಟ್ಟ. ಚಿಕ್ಕತಾಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಮೊರ ನಿಲ್ಲಲಿಲ್ಲ.

"ಗೊತ್ತು ಕಣಣ್ಣ. ಮೊಟ್ಟೆ ಕಾಗ್ದ ಬಿಚ್ಚಿ ಒರ್ಸಿದ್ ಗುರ್ತು ನೋಡ್ದಾಗ್ಲೇ ಗೊತ್ತಾಯ್ತು. ನೀನೇ ಯೋಳ್ತೀಯ ಅಂತ ಜಗ್ಲಿ ಮೇಲೆ ನಿನ್ ಮೊಕಾನೇ ನೋಡ್ತಿದ್ದೆ."

ಅವಳೇ ಮತ್ತೆ ಅಂದಳು — "ಗೊತ್ತಿರೋಳ್ಗೆ ಬಂದು ಯೋಳುದ್ರೆ ಏನ್ ಬಂತು? ಗೊತ್ತಿಲ್ದೋರು ನಿಮ್ಮೂರಲ್ಲಿ ಅವ್ರೆ. ಅಲ್ಲೋಗಿ ಯೋಳು."

ಬರುವ ಸೋಮವಾರ ಬೆಳಿಗ್ಗೆ ಅದೇ ಜಗಲಿಯ ಮೇಲೆ ನಿಮ್ಮೆಲ್ಲರ ಎದುರಿಗೆ ನಿಂತು ಇದನ್ನು ಓದುತ್ತೇನೆ. ಹೆಂಗಸರೂ ಬರಬೇಕು, ಮುಂದೆ ಕೂರಬೇಕು. ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀರಿ. ಒಬ್ಬ ಏಜೆಂಟ್ ನನ್ನನ್ನು ಬಿಟ್ಟು ಮಾದಪ್ಪನ ಜೊತೆ ಮಾತಾಡಿದ — ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.