ಮಂಡಿಯೂರಿ ಮಳೆ ಓದುತ್ತಿದ್ದ ಮೇಷ್ಟ್ರು

ನಮ್ಮ ಮಳೆ ಮೇಷ್ಟ್ರ ಪಂಚೆಯಲ್ಲಿ, ಎರಡೂ ಮೊಣಕಾಲಿನ ಜಾಗದಲ್ಲಿ, ಒಗೆದರೂ ಹೋಗದ ಕೆಮ್ಮಣ್ಣಿನ ಕಲೆಯಿತ್ತು. ದುದ್ದದ ಹತ್ತಿರದ ನಮ್ಮೂರ ಶಾಲೆಯಂಗಳದಲ್ಲಿ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಓದುತ್ತಿದ್ದರು. ನಿಂತು ಓದಿದರೆ ತಪ್ಪುತ್ತದೆಂದು ನಮ್ಮನ್ನೂ ಮಂಡಿಯೂರಿಸುತ್ತಿದ್ದರು.

"ಬಿದ್ದಷ್ಟೇ ಹೇಳ್ಬೇಕು ಕಣವ್ವ. ಒಂದು ಗೆರೆ ಜಾಸ್ತಿ ಹೇಳುದ್ರೂ ಸುಳ್ಳೇಯ."

ಅಂಥವರ ಶಿಷ್ಯೆ ನಾನು ಟಿವಿಯಲ್ಲಿ ಹವಾಮಾನ ಹೇಳುವವಳಾದೆ. ಮೇಷ್ಟ್ರಿಗೆ ಹೆಮ್ಮೆಯೋ ಹೆಮ್ಮೆ. ನಿವೃತ್ತರಾದ ಮೇಲೂ ಭತ್ತ ಕೊಯ್ಯುವವರು ಅವರ ಜಗಲಿಗೆ ಬಂದು, ಮಳೆ ಹೇಗೆಂದು ಕೇಳಿಯೇ ಗದ್ದೆಗಿಳಿಯುತ್ತಿದ್ದರು. ಮೇಷ್ಟ್ರು ಸಂಜೆ ನನ್ನನ್ನು ಟಿವಿಯಲ್ಲಿ ನೋಡಿ ಆಮೇಲೆ ಉತ್ತರ ಹೇಳುತ್ತಿದ್ದರು.

ಅಷ್ಟರಲ್ಲಿ ನಮ್ಮ ಚಾನೆಲ್ಲಿಗೆ ಆಗ್ಮೆಂಟೆಡ್ ರಿಯಾಲಿಟಿ ಬಂತು. ನಾನು ನಿಲ್ಲುವುದು ಸ್ಟುಡಿಯೋದ ಖಾಲಿ ಹಸಿರು ನೆಲದ ಮೇಲೆ. ಮನೆಯಲ್ಲಿ ನೋಡುವವರಿಗೆ ಮಾತ್ರ ನನ್ನ ತಲೆಯ ಮೇಲೆ ಮೋಡ ಕವಿಯುತ್ತದೆ, ಕಾಲ ಸುತ್ತ ನೀರೇರುತ್ತದೆ. ಆ ಸುಗ್ಗಿಯ ಒಂದು ಸಂಜೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಇದ್ದದ್ದು ಅಲ್ಲಲ್ಲಿ ತುಂತುರು, ಅದೂ ಬಂದರೆ ಬಂತು. ತುಂತುರನ್ನು ಯಾರು ನೋಡುತ್ತಾರೆ, ಮೊಣಕಾಲುದ್ದ ನೀರು ಬಿಡೋಣ ಎಂದರು ಪ್ರೊಡ್ಯೂಸರ್.

"ನೀವು ಸ್ವಲ್ಪ ಸೀರೆ ಎತ್ತಿ ಮೇಡಂ, ನಿಜ ಅನ್ನಿಸ್ಲಿ."

ಬಾಯಲ್ಲಿ ತುಂತುರು ಎಂದೆ. ಕೈಯಲ್ಲಿ ಸೀರೆ ಎತ್ತಿದೆ.

ಮೇಷ್ಟ್ರು ಆಗಲೇ ಎದ್ದು ಹೋಗಿ ಜೋರು ಮಳೆ ಬರುತ್ತದೆಂದು ಕೇರಿಗೆಲ್ಲ ಹೇಳಿಬಿಟ್ಟರು. ಕೊಯ್ದು ಗದ್ದೆಯಲ್ಲೇ ಒಣಗಲು ಬಿಟ್ಟಿದ್ದ ಭತ್ತವನ್ನು ಎಲ್ಲರೂ ಹಸಿಹಸಿಯಾಗಿಯೇ ಮೆದೆ ಒಟ್ಟಿ, ಟಾರ್ಪಾಲು ಮುಚ್ಚಿದರು. ಒಂದು ಹನಿಯೂ ಬೀಳಲಿಲ್ಲ. ಮೆದೆಯೊಳಗೆ ಕಾವು ಹತ್ತಿ ಭತ್ತವೆಲ್ಲ ಮುಗ್ಗಿತು.

ಸುದ್ದಿ ಕೇಳಿ ಊರಿಗೆ ಓಡಿದೆ. ಕಾಲಿಗೆ ಬಿದ್ದು, "ನಾನು ತುಂತುರು ಅಂತಲೇ ಹೇಳಿದ್ದೆ ಮೇಷ್ಟ್ರೇ. ಆ ನೀರು ಕಂಪ್ಯೂಟರಿಂದು" ಎಂದೆ. ಎಂಥ ನಾಚಿಕೆಗೆಟ್ಟ ಮಾತು!

"ಅದು ನೀರಲ್ಲ ಅಂತ ನಂಗೂ ಗೊತ್ತು ಕಣವ್ವ," ಎಂದರು. "ನೀರ ನಂಬ್ನಿಲ್ಲ ನಾನು. ನೀನು ಸೀರೆ ಎತ್ತುದ್ಯಲ್ಲ, ಅದ ನಂಬ್ದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಆ ಜಗಲಿಗೆ ಮಳೆ ಕೇಳಲು ಯಾರೂ ಬರಲಿಲ್ಲ. ಅವರಾಗಿಯೇ ಹೇಳಹೋದರೆ ಎದುರುಮನೆಯವನು, "ನಿಮ್ ಮಳೆ ನಿಮ್ಗೇ ಇರ್ಲಿ ಬುಡಿ ಮೇಷ್ಟ್ರೇ" ಎಂದು ಎದ್ದು ಹೋದನಂತೆ. ಮೂವತ್ತು ವರ್ಷ ಮಂಡಿಯೂರಿ ಗಳಿಸಿದ ಮಾತನ್ನು ನಾನು ಅರೆ ನಿಮಿಷದಲ್ಲಿ ಕಳೆದೆ.

ಹೋದ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಫೋನು ಬಂದಾಗ ನಾನು ಮೇಕಪ್ಪಿಗೆ ಕೂತಿದ್ದೆ. ರಜೆ ಕೇಳಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಅಂದೂ ಮೊಣಕಾಲುದ್ದ ನೀರು ಬಿಟ್ಟರು. ಅಂದೂ ಸೀರೆ ಎತ್ತಿದೆ.